ದಿನಕ್ಕೆ ಆರುನೂರು ಕಿಲೋ ಪುಳ್ಳೆ

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ ಪುರ ಎಂಬ ಸಣ್ಣ ಊರಿದೆ. 1977ರ ಸೆಪ್ಟೆಂಬರಿನಲ್ಲಿ ಎಣಿಸಿದಾಗ ಅಲ್ಲಿದ್ದವರು 357 ಜನ, ಮನೆಗಳು 56. ವರ್ಷಕ್ಕೆ ಆ ಊರು ಉರಿಸುತ್ತಿದ್ದ ಸೌದೆ 217 ಟನ್.

217 ಟನ್ ಎಂದರೆ ಕಣ್ಣಿಗೆ ಏನೂ ಕಟ್ಟುವುದಿಲ್ಲ. ದಿನದ ಲೆಕ್ಕಕ್ಕೆ ಇಳಿಸಿದರೆ ಹೆಚ್ಚುಕಡಿಮೆ 595 ಕಿಲೋ. ಪುರದ ಒಲೆಗಳಿಗೆ ಬೀಳುತ್ತಿದ್ದದ್ದು ದಿಮ್ಮಿಯಲ್ಲ, ಆಯ್ದು ತಂದ ಪುಳ್ಳೆ. ಒಂದು ತಲೆಹೊರೆ 20 ಕಿಲೋ ಎಂದು ಹಿಡಿದರೆ ದಿನಕ್ಕೆ 30 ಹೊರೆ ಊರೊಳಗೆ ಬರಬೇಕು, ವರ್ಷಕ್ಕೆ 10,850. ಮಳೆಗಾಲಕ್ಕೆಂದು ಮೊದಲೇ ಒಟ್ಟಿಟ್ಟುಕೊಂಡರೂ ಹೊರೆಗಳ ಸಂಖ್ಯೆಯೇನೂ ಕಡಿಮೆಯಾಗುವುದಿಲ್ಲ. ಇದರಲ್ಲಿ ದುಡ್ಡು ಕೊಟ್ಟು ಕೊಂಡದ್ದು ಅತ್ಯಲ್ಪ. ಹಾಗಾಗಿ ರಸೀದಿಯಿಲ್ಲ, ತೆರಿಗೆಯಿಲ್ಲ, ಯಾವ ಅಂಗಡಿಯ ಖಾತೆಪುಸ್ತಕದಲ್ಲೂ ಇದು ಸಿಗುವುದಿಲ್ಲ. ಸೀಮೆಎಣ್ಣೆಗಾದರೆ ರೇಷನ್ ಕಾರ್ಡಿನಲ್ಲಿ ಗುರುತು ಬೀಳುತ್ತಿತ್ತು, ಕರೆಂಟಿಗೆ ಮೀಟರಿದೆ. ಪುಳ್ಳೆಗೆ ಏನಿದೆ?

ಅದನ್ನು ತೂಗಿ ಬರೆದಿಟ್ಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ವಿಮಾನದ ರೆಕ್ಕೆಯ ಮೇಲೆ ಹರಿಯುವ ಗಾಳಿಯನ್ನು ಅಳೆಯುವ ಆ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಹೊಸ ವಿಭಾಗ ಹುಟ್ಟಿತು. ವಿಜ್ಞಾನ, ತಂತ್ರಜ್ಞಾನಗಳನ್ನು ಹಳ್ಳಿಗಳಿಗೆ ಅನ್ವಯಿಸುವುದು ಅದರ ಕೆಲಸ. ಹುಟ್ಟಿಸಿದವರು ಅಮೂಲ್ಯ ಕೆ. ಎನ್. ರೆಡ್ಡಿ. ಬೆಂಗಳೂರಿನಲ್ಲೇ 1930ರಲ್ಲಿ ಹುಟ್ಟಿದ ರೆಡ್ಡಿ ವಿದ್ಯುತ್ ರಸಾಯನ ಶಾಸ್ತ್ರಜ್ಞರು. ಜಾನ್ ಬಾಕ್ರಿಸ್ ಜೊತೆ ಅವರು ಬರೆದ 'ಮಾಡರ್ನ್ ಎಲೆಕ್ಟ್ರೋಕೆಮಿಸ್ಟ್ರಿ' 1970ರಲ್ಲಿ ಹೊರಬಂದು, ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಪಠ್ಯವಾಗಿತ್ತು. ಅಂಥವರು ಉಂಗ್ರ ಎಂಬ ಊರಿನಲ್ಲಿ ಒಂದು ಕೇಂದ್ರ ತೆರೆದು, ತಮ್ಮ ಜೊತೆಯವರನ್ನು ಸುತ್ತಲಿನ ಆರು ಹಳ್ಳಿಗಳಿಗೆ ಕಳಿಸಿದರು. ಯಾರ ಮನೆಗೆ ಎಷ್ಟು ಸೌದೆ, ತಂದವರು ಯಾರು, ಎಷ್ಟು ಹೊತ್ತು ಹಿಡಿಯಿತು, ಎತ್ತು ಎಷ್ಟು ಹೊತ್ತು ದುಡಿಯಿತು ಎಂದು ಬರೆಸಿದರು. ಆ ಆರು ಊರುಗಳಲ್ಲಿ ಪುರವೂ ಒಂದು.

ಪುರದ ಫಲಿತಾಂಶ ಇಂದಿಗೂ ಬೆರಗು ಹುಟ್ಟಿಸುತ್ತದೆ. ಊರಿನಲ್ಲಿ ಬಳಕೆಯಾಗುವ ಒಟ್ಟು ಶಕ್ತಿಯಲ್ಲಿ ಸೌದೆಯ ಪಾಲು ಶೇ. 89. ಮನುಷ್ಯರ ಮೈಶಕ್ತಿ ಶೇ. 7. ಸೀಮೆಎಣ್ಣೆ ಶೇ. 2, ಎತ್ತುಗಳು ಶೇ. 1. ವಿದ್ಯುತ್? ಶೇ. 1.

ಅದು ತೈಲಬಿಕ್ಕಟ್ಟು ಕಳೆದ ಹೊಸತು. ಡೆಲ್ಲಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ 'ಶಕ್ತಿ' ಎಂದು ಬಾಯಿ ತೆರೆದವರೆಲ್ಲ ಮಾತಾಡುತ್ತಿದ್ದದ್ದು ಪೆಟ್ರೋಲು, ಕಲ್ಲಿದ್ದಲು, ಅಣೆಕಟ್ಟುಗಳ ಬಗ್ಗೆ. ಹಳ್ಳಿಯ ಶಕ್ತಿ ಎಂದರೆ ಪಂಪ್‌ಸೆಟ್ಟಿನ ಕರೆಂಟು ಎಂಬ ನಂಬಿಕೆ. ಪುರದಲ್ಲಿ ಆ ಕರೆಂಟು ನೂರರಲ್ಲಿ ಒಂದು. ಆ ಒಂದರಲ್ಲಿ ಮೂರನೇ ಎರಡು ಪಾಲು ಹೊಲಗದ್ದೆಗೆ ಹೋದರೆ, ಮನೆಯ ದೀಪಕ್ಕೆ ಉಳಿಯುತ್ತಿದ್ದದ್ದು ಕಾಲುಭಾಗಕ್ಕೆ ತುಸು ಹೆಚ್ಚು. ತಂತಿ ಊರಿಗೆ ಬಂದಿತ್ತು, ಹೆಚ್ಚಿನ ಮನೆಗಳೊಳಗೆ ಬಂದಿರಲಿಲ್ಲ.

ಸೌದೆಯ ಲೆಕ್ಕವನ್ನು ಇನ್ನೂ ಒಳಗಿಳಿದು ನೋಡಬೇಕು. 217 ಟನ್ನಿನಲ್ಲಿ ಶೇ. 82 ಅಡುಗೆಗೆ, ಶೇ. 14 ಸ್ನಾನದ ನೀರು ಕಾಯಿಸಲಿಕ್ಕೆ. ಮೈಸೂರು ಸೀಮೆಯ ಬಚ್ಚಲೊಲೆ, ಹಂಡೆ ಕಂಡವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಆದರೆ 357 ಜನರ ಬಿಸಿನೀರಿಗೆ ವರ್ಷಕ್ಕೆ 30 ಟನ್ ಎಂದು ಕೇಳಿದಾಗ ಸ್ವಲ್ಪ ಬಿಸಿ ತಟ್ಟುತ್ತದೆ.

ಅಡುಗೆಯ ಪಾಲು 178 ಟನ್. ಹಳೆಯ ಮೂರು ಕಲ್ಲಿನ ಒಲೆ, ಮಣ್ಣಿನ ಒಲೆಗಳ ದಕ್ಷತೆಯನ್ನು ಅಳೆದಾಗ ಸಿಕ್ಕ ಅಂಕಿ ಶೇ. 5ರ ಆಸುಪಾಸು. ಅಳೆಯುವ ಬಗೆ ಕಷ್ಟದ್ದಲ್ಲ: ಸೌದೆ ತೂಗಬೇಕು, ನೀರು ತೂಗಬೇಕು, ಕಾದದ್ದೆಷ್ಟು, ಆವಿಯಾದದ್ದೆಷ್ಟು ನೋಡಬೇಕು. ಅರ್ಥ ಇಷ್ಟು: 178 ಟನ್ನಿನಲ್ಲಿ ಪಾತ್ರೆಗೆ ಮುಟ್ಟಿದ ಕಾವು 9 ಟನ್ನಿನದು. ಉಳಿದ 169 ಟನ್ ಗೋಡೆಗೆ, ಗಾಳಿಗೆ, ಹೊಗೆಗೆ, ಕಣ್ಣಿಗೆ. ದಿನದ 30 ಹೊರೆಗಳಲ್ಲಿ ಸುಮಾರು 25 ಅಡುಗೆಗೆ ಬಂದರೆ, ಅದರಲ್ಲಿ ಮುದ್ದೆ ಬೇಯಿಸಿದ್ದು ಒಂದೇಕಾಲು ಹೊರೆ. ಇಪ್ಪತ್ಮೂರಕ್ಕೂ ಹೆಚ್ಚು ಹೊರೆಯನ್ನು ಹೊತ್ತು ತಂದದ್ದು ಆಕಾಶಕ್ಕೆ.

ಇನ್ನು ಆ ಶೇ. 7ರ ಮಾತು. ಶೇಕಡಾವಾರಿನಲ್ಲಿ ಮನುಷ್ಯಶಕ್ತಿ ಸಣ್ಣದಾಗಿ ಕಾಣಲು ಕಾರಣ ಕ್ಯಾಲೊರಿಯ ಲೆಕ್ಕ. ಒಂದು ಕಿಲೋ ಕಟ್ಟಿಗೆಯಲ್ಲಿ 3,800 ಕಿಲೋಕ್ಯಾಲೊರಿಯ ಹತ್ತಿರ ಇರುತ್ತದೆ. ಒಬ್ಬ ಆಳು ಇಡೀ ದಿನ ಬೆವರು ಸುರಿಸಿದರೂ ಅಷ್ಟು ಖರ್ಚು ಮಾಡಲಾರ. ಆದ್ದರಿಂದ ಅದನ್ನು ಗಂಟೆಗಳಲ್ಲಿ ನೋಡುವುದೇ ನ್ಯಾಯ. ಊರಿನ ಮನುಷ್ಯಶಕ್ತಿಯಲ್ಲಿ ವ್ಯವಸಾಯಕ್ಕೆ ಹೋಗುತ್ತಿದ್ದದ್ದು ಶೇ. 12 ಮಾತ್ರ! ಶೇ. 80 ಮನೆಗೆಲಸಕ್ಕೆ: ದನ ಕುರಿ ಮೇಯಿಸುವುದು 37, ಅಡುಗೆ 19, ಸೌದೆ ತರುವುದು 14, ನೀರು ಹೊರುವುದು 10. ರೈತನ ಬೆವರಿನ ಬಗ್ಗೆ ಎಷ್ಟೋ ಭಾಷಣಗಳನ್ನು ಕೇಳಿದ್ದೇವೆ. ಆದರೆ ಊರಿನ ಬೆವರಿನ ದೊಡ್ಡ ಪಾಲು ಹರಿಯುತ್ತಿದ್ದದ್ದು ನೇಗಿಲಿನ ಹಿಂದೆ ಅಲ್ಲ. ಗಂಟೆಗಳನ್ನು ಹಂಚಿ ನೋಡಿದರೆ ಹೆಂಗಸರದು ಶೇ. 53, ಗಂಡಸರದು 31, ಮಕ್ಕಳದು 16.

ಮಕ್ಕಳ ಆ 16ರಲ್ಲಿ ಗ್ರಾಮೀಣ ಶಿಕ್ಷಣದ ಒಂದು ಅಧ್ಯಾಯವೇ ಅಡಗಿದೆ. ಶಾಲೆ ಕಟ್ಟಿ, ಮೇಷ್ಟ್ರನ್ನು ಹಾಕಿ, ಹಾಜರಾತಿ ಯಾಕೆ ಇಲ್ಲ ಎಂದು ಇಲಾಖೆ ತಲೆ ಕೆರೆದುಕೊಳ್ಳುತ್ತಿತ್ತು. ಹುಡುಗ ದನದ ಹಿಂದೆ ಇದ್ದ, ಹುಡುಗಿ ಕೊಡದ ಕೆಳಗಿದ್ದಳು. ಶಾಲೆಗೆ ಬಂದ ಮಗು ರಾತ್ರಿ ಓದಬೇಕೆಂದರೆ ಬುಡ್ಡಿ ದೀಪ. ಅದು ಕೊಡುವ ಬೆಳಕು ಹತ್ತಾರು ಲುಮೆನ್. 20 ವಾಟಿನ ಟ್ಯೂಬ್‌ಲೈಟು ಕೊಡುವುದು ಸುಮಾರು ಸಾವಿರ. ಪುರದಲ್ಲಿ ಸುಟ್ಟ ಸೀಮೆಎಣ್ಣೆಯಲ್ಲಿ ಶೇ. 93 ಇಂಥ ದೀಪಗಳಿಗೇ ಹೋಗುತ್ತಿತ್ತು.

ಆರೋಗ್ಯದ ಬಗ್ಗೆ ಯೋಚಿಸುವವರಿಗೂ ಈ ಅಂಕಿಗಳಲ್ಲಿ ಕೆಲಸವಿತ್ತು. ಶ್ರೀಲತಾ ಬಾಟ್ಲಿವಾಲಾ 1982ರಲ್ಲಿ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಇವನ್ನು ಪೌಷ್ಟಿಕತೆಯ ಪ್ರಶ್ನೆಗೆ ತಿರುಗಿಸಿದರು. ಹಳ್ಳಿಯ ಹೆಂಗಸರು ಅರೆಹೊಟ್ಟೆಯಲ್ಲಿದ್ದಾರೆ ಎಂದರೆ ಎಲ್ಲರೂ ತಟ್ಟೆಯ ಕಡೆ ನೋಡುತ್ತಾರೆ. ಅವರು ನೋಡಿದ್ದು ಖರ್ಚಿನ ಕಡೆ. ಒಲೆ, ನೀರು, ಸೌದೆಗಳಿಗೆ ಸುರಿಯುವ ಕ್ಯಾಲೊರಿಯನ್ನು ಉಳಿಸಿದರೆ, ಹೆಚ್ಚು ಊಟ ಹಾಕಿದಷ್ಟೇ ಲಾಭ. ಒಳ್ಳೆಯ ಒಲೆಯೂ ಮನೆಬಾಗಿಲ ನಲ್ಲಿಯೂ ಪೌಷ್ಟಿಕ ಆಹಾರದ ಯೋಜನೆಗಳೇ ಎಂಬ ಈ ವಾದ ನನಗೆ ಇಂದಿಗೂ ಹೊಸದಾಗಿಯೇ ಕೇಳಿಸುತ್ತದೆ.

ಹೊಗೆಯ ಲೆಕ್ಕ ಬೇರೆ. ಎಂಬತ್ತರ ದಶಕದ ಆರಂಭದಲ್ಲಿ ಕಿರ್ಕ್ ಸ್ಮಿತ್ ಮತ್ತು ಜೊತೆಗಾರರು ಗುಜರಾತಿನ ನಾಲ್ಕು ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರ ಉಸಿರಿನ ಮಟ್ಟದಲ್ಲಿ ಗಾಳಿ ಹಿಡಿದು ತೂಗಿದರು. ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 7 ಮಿಲಿಗ್ರಾಂ ಕಣಗಳು, ಎಂದರೆ 7,000 ಮೈಕ್ರೋಗ್ರಾಂ. ಇವತ್ತು ನಮ್ಮ ನಗರಗಳಲ್ಲಿ ಪಿಎಂ-10 ಕಣಗಳಿಗೆ ಇರುವ ಒಂದು ದಿನದ ಮಿತಿ 100 ಮೈಕ್ರೋಗ್ರಾಂ. ಎರಡೂ ಅಳತೆಗಳು ಒಂದೇ ಬಗೆಯವಲ್ಲ. ಒಂದು ಒಲೆಯ ಮುಂದೆ ಕಳೆದ ಹೊತ್ತಿನದು, ಇನ್ನೊಂದು 24 ಗಂಟೆಯ ಸರಾಸರಿ. ಅಷ್ಟು ರಿಯಾಯಿತಿ ಕೊಟ್ಟರೂ ಎಪ್ಪತ್ತು ಪಟ್ಟಿನ ಈ ಅಂತರ ಮರೆಯಾಗುವಂಥದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸತ್ತವರು 32 ಲಕ್ಷ. ಅದರಲ್ಲಿ 2,37,000 ಐದು ವರ್ಷದೊಳಗಿನ ಮಕ್ಕಳು.

ಈಗ ಗುಣಾಕಾರ. 1971ರ ಜನಗಣತಿಯಲ್ಲಿ ದೇಶದ ಹಳ್ಳಿಗಳು 5,75,936, ಹಳ್ಳಿಗರು 43.9 ಕೋಟಿ. ಪುರದಲ್ಲಿ ತಲೆಗೆ ವರ್ಷಕ್ಕೆ 0.6 ಟನ್ ಸೌದೆ. ಗುಣಿಸಿದರೆ 26 ಕೋಟಿ ಟನ್ ದಾಟುತ್ತದೆ. ಇದು ಸರಿಯಾದ ಲೆಕ್ಕವಲ್ಲ, ನನಗೂ ಗೊತ್ತು: ಪುರದ ಕಡೆ ಬೆರಣಿ ಉರಿಸುವ ರೂಢಿಯಿರಲಿಲ್ಲ, ಉತ್ತರದ ಹಳ್ಳಿಗಳಲ್ಲಿ ಅದೇ ಮುಖ್ಯ, ಕೆಲವು ಕಡೆ ಹತ್ತಿಕಡ್ಡಿ, ತೊಗರಿಕಡ್ಡಿ. ಸರಿ, ಅರ್ಧ ಮಾಡಿ. 13 ಕೋಟಿ ಟನ್. 1973-74ರಲ್ಲಿ ಇಡೀ ಭಾರತ ನೆಲದಿಂದ ತೆಗೆದ ಕಲ್ಲಿದ್ದಲು ಸುಮಾರು 8 ಕೋಟಿ ಟನ್. ಕಲ್ಲಿದ್ದಲಿಗೆ ಮಂತ್ರಿಯಿದ್ದರು, ರೈಲುಗಳಿದ್ದವು, ಕಾರ್ಮಿಕ ಸಂಘಗಳಿದ್ದವು. ಅದಕ್ಕಿಂತ ಹೆಚ್ಚು ತೂಕದ ಇನ್ನೊಂದು ಇಂಧನ ತಲೆಯ ಮೇಲೆ ಹೋಗುತ್ತಿತ್ತು.

'ಅಸ್ತ್ರ'ದವರು ಮಾಡಿದ ದೊಡ್ಡ ಕೆಲಸಗಳಲ್ಲಿ ಒಂದು ಒಲೆ. ಲೋಕ್ರಸ್, ಜಗದೀಶ್ ಮೊದಲಾದವರು ಸೇರಿ ರೂಪಿಸಿದ ಮೂರು ಪಾತ್ರೆಯ ಒಲೆಗೆ ಕೆಳಗೆ ಜಾಲರಿ, ಹಿಂದೆ ಹೊಗೆಕೊಳವೆ. ಜಾಲರಿಯಿಂದ ಗಾಳಿ ಅಳತೆಯಾಗಿ ಬರುತ್ತದೆ, ಮೊದಲ ಪಾತ್ರೆಗೆ ತಾಗಿ ಉಳಿದ ಕಾವು ಎರಡನೆಯ, ಮೂರನೆಯ ಪಾತ್ರೆಗಳ ತಳ ಸವರಿ ಹೊರಗೆ ಹೋಗುತ್ತದೆ. ನಮ್ಮ ಕಡೆ ಅದಕ್ಕೆ ಅಸ್ತ್ರ ಒಲೆ ಎಂದೇ ಹೆಸರು. ದಕ್ಷತೆ ಶೇ. 30 ದಾಟಿತು. ಪ್ರಯೋಗಾಲಯದ 30 ಹಳ್ಳಿಯ ಅಡುಗೆಮನೆಯಲ್ಲಿ 30 ಆಗಿಯೇ ಉಳಿಯುವುದಿಲ್ಲ: ಹಸಿ ಸೌದೆ, ಒಂದೇ ಪಾತ್ರೆಯ ಅಡುಗೆ, ಮಸಿ ಕಟ್ಟಿದ ಕೊಳವೆ. ಆದರೂ ಸೌದೆ ಅರ್ಧಕ್ಕಿಳಿದರೆ ಪುರದ ಲೆಕ್ಕದಲ್ಲಿ ವರ್ಷಕ್ಕೆ 89 ಟನ್ ಉಳಿತಾಯ, ನಾಲ್ಕು ಸಾವಿರದ ನಾನೂರೈವತ್ತು ತಲೆಹೊರೆ.

ಅದೇ ಗುಂಪು ಗೋಡೆಗಳ ಮೇಲೂ ಕೈಯಾಡಿಸಿತು. ಇಟ್ಟಿಗೆ ಗೂಡೂ ಸೌದೆ ನುಂಗುವುದೇ ತಾನೇ. ಮಣ್ಣಿಗೆ ಶೇ. 6ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆ ಮಾಡಿದ ಬ್ಲಾಕುಗಳು. ಸುಟ್ಟ ಇಟ್ಟಿಗೆಯ ಒಂದು ಘನ ಮೀಟರ್ ಗೋಡೆಗೆ 2,141 ಮೆಗಾಜೂಲ್ ಶಕ್ತಿ ತಗುಲಿದರೆ, ಈ ಬ್ಲಾಕುಗಳ ಗೋಡೆಗೆ 646ರಿಂದ 810. ಬೆಂಗಳೂರಿನ ಎಷ್ಟೋ ಅನುಕೂಲಸ್ಥರ ಮನೆಗಳು ಇವತ್ತು ಈ ಮಣ್ಣಿನ ಬ್ಲಾಕಿನವು. ಹಳ್ಳಿಗೆಂದು ಹುಟ್ಟಿದ್ದು ಪೇಟೆಗೆ ಒಗ್ಗಿತು. ಹಳ್ಳಿಯವರು ಕೈಗೆ ದುಡ್ಡು ಬಂದ ಕೂಡಲೇ ಸುಟ್ಟ ಇಟ್ಟಿಗೆಗೆ ಹೋದರು. ತಪ್ಪು ಹುಡುಕುವುದು ಬೇಡ, ಮಣ್ಣಿನ ಮನೆಯಲ್ಲಿ ಸಾಕಷ್ಟು ದಿನ ಇದ್ದವರಿಗೆ ಅದರ ಸೊಗಸು ಕಾಣುವುದು ಕಷ್ಟ.

ಆದರೆ ಎಲ್ಲಕ್ಕಿಂತ ರೋಚಕವಾದದ್ದು ಪುರದ ಗೋಬರ್ ಗ್ಯಾಸ್. ಊರಿನ ಸಗಣಿಯನ್ನೆಲ್ಲ ಒಂದೆಡೆ ತಂದು ಗ್ಯಾಸ್ ಮಾಡಿ ಮನೆಮನೆಗೆ ಒಲೆಗೆ ಕೊಡಬೇಕೆಂಬುದು ಮೊದಲ ಯೋಜನೆ. ಹಾಳೆಯ ಮೇಲೆ ಲೆಕ್ಕ ಸರಿಹೋಯಿತು, ಕೊಟ್ಟಿಗೆಯಲ್ಲಿ ಸರಿಹೋಗಲಿಲ್ಲ. ಗ್ಯಾಸು ಎಲ್ಲ ಒಲೆಗಳಿಗೆ ಸಾಲದು. ಊರಿನವರು ಮುಂದಿಟ್ಟ ಬೇಡಿಕೆಯೂ ಬೇರೆ: ಕುಡಿಯುವ ನೀರು. ವಿಜ್ಞಾನಿಗಳು ಪಟ್ಟು ಹಿಡಿಯದೆ ಯೋಜನೆಯನ್ನೇ ತಿರುಗಿಸಿದರು. 1987ರಿಂದ ಗ್ಯಾಸು ಒಲೆಗಲ್ಲ, ಎಂಜಿನ್ನಿಗೆ ಹೋಯಿತು. ಎಂಜಿನ್ ಜನರೇಟರ್ ತಿರುಗಿಸಿತು, ಜನರೇಟರಿನಿಂದ ಕೊಳವೆಬಾವಿಯ ಪಂಪು, ನಲ್ಲಿ ನೀರು, ಮನೆಗೆ ಟ್ಯೂಬ್‌ಲೈಟು.

ಅಳತೆಗಳನ್ನು ನೋಡಿ. ದಿನಕ್ಕೆ ಒಂದೂಕಾಲು ಟನ್ನಿನವರೆಗೆ ಸಗಣಿ, 42.5 ಘನ ಮೀಟರ್ ಗ್ಯಾಸು. 7 ಅಶ್ವಶಕ್ತಿಯ ಡೀಸೆಲ್ ಎಂಜಿನ್ನು. ಅದಕ್ಕೆ ಡೀಸೆಲ್ ಸ್ವಲ್ಪ, ಉಳಿದದ್ದೆಲ್ಲ ಗ್ಯಾಸು. 5 ಕೆವಿಎ ಜನರೇಟರು. ಇವತ್ತಿನ ಬೆಂಗಳೂರಿನ ಒಂದು ಫ್ಲ್ಯಾಟಿನಲ್ಲಿ ಎರಡು ಬಚ್ಚಲಿನ ಗೀಸರುಗಳು ಒಟ್ಟಿಗೆ ಎಳೆಯುವಷ್ಟು ವಿದ್ಯುತ್ತು. ಅಷ್ಟರಲ್ಲಿ ಒಂದು ಊರು ನೀರು ಕುಡಿಯಿತು, ಬೆಳಕು ಕಂಡಿತು.

ಹಣಕಾಸು ಇನ್ನೂ ಸಣ್ಣದು. ಸಗಣಿ ತಂದು ಹಾಕಿದವರಿಗೆ ಕಿಲೋಗೆ 2 ಪೈಸೆ. ತರುವವರು ಹೆಚ್ಚಾಗಿ ಹೆಂಗಸರು, ದುಡ್ಡೂ ಅವರ ಕೈಗೇ. ಒಂದೂಕಾಲು ಟನ್ ಪೂರ್ತಿ ಬಂದರೂ ದಿನಕ್ಕೆ 25 ರೂಪಾಯಿ. ಗ್ಯಾಸ್ ತೆಗೆದ ಮೇಲೆ ಉಳಿದ ಬಗ್ಗಡ, ತಂದ ಸಗಣಿಯ ಪ್ರಮಾಣದಲ್ಲಿ ಅವರವರ ತಿಪ್ಪೆಗೇ ವಾಪಸ್. ಸಾರಜನಕ ಹಾಗೇ ಉಳಿದಿರುತ್ತದೆ, ಗೊಬ್ಬರ ಹಳೆಯದಕ್ಕಿಂತ ಚೆನ್ನಾಗಿತ್ತು. ಯಂತ್ರ ನೋಡಿಕೊಳ್ಳಲು ಊರಿನ ಇಬ್ಬರು ಹುಡುಗರು, ಮೇಲ್ವಿಚಾರಣೆಗೆ ಗ್ರಾಮ ವಿಕಾಸ ಸಭಾ.

ನೀರು, ಬೆಳಕಿನ ಬಾಕಿ ವಸೂಲಿಗೆ ಪೊಲೀಸರು ಬೇಕಾಗಲಿಲ್ಲ. ಸಗಣಿ ಕಡಿಮೆಯಾದರೆ, ದುಡ್ಡು ಕಟ್ಟದಿದ್ದರೆ ಎಂಜಿನ್ ನಿಲ್ಲುತ್ತದೆ. ನಿಂತರೆ ನಲ್ಲಿ ಎಲ್ಲರಿಗೂ ಒಣಗುತ್ತದೆ. ಹಿತ್ತಲ ಮನೆಯವನು ಕಟ್ಟಿಲ್ಲವೆಂದರೆ ಎದುರು ಮನೆಯಾಕೆಯೇ ಕೇಳುತ್ತಾಳೆ. ಎಲ್ಲರದೂ ಯಾರದೂ ಅಲ್ಲ ಎಂಬ ಅರ್ಥಶಾಸ್ತ್ರದ ಹಳೆಯ ವಾದಕ್ಕೆ ಉತ್ತರವಾಗಿ ರೆಡ್ಡಿ ಪುರದ ಮೇಲೆ ಒಂದು ಲೇಖನವನ್ನೇ ಬರೆದರು.

ತೊಂಬತ್ತರ ದಶಕದ ನಡುಭಾಗದವರೆಗೂ, ಎಂದರೆ ಹತ್ತಿರ ಹತ್ತಿರ ಹತ್ತು ವರ್ಷ ಇದು ನಡೆಯಿತು. ಆಮೇಲೆ ನಿಂತಿತು.

ಈಗ ಪುರದ ಸೌದೆಯನ್ನು ಗುಣಿಸಿದಂತೆಯೇ ಪುರದ ಎಂಜಿನ್ನನ್ನೂ ಗುಣಿಸಿ ನೋಡಿ. 5,75,936 ಹಳ್ಳಿಗಳಿಗೆ ಊರಿಗೊಂದು ಎಂಜಿನ್. ನೋಡಿಕೊಳ್ಳುವವರು ತಲಾ ಇಬ್ಬರಾದರೆ 11.5 ಲಕ್ಷ ಹುಡುಗರಿಗೆ ತರಬೇತಿ. ಊರಿಗೊಂದರಂತೆ ಸಭೆಗಳು, ಪ್ರತಿಯೊಂದರಲ್ಲೂ ಜಾತಿ ಜಗಳ, ಚುನಾವಣೆ, ಭಾವಮೈದುನರ ಮನಸ್ತಾಪ. ಎಂಜಿನ್ ಕೆಟ್ಟರೆ ಬಿಡಿಭಾಗ ಸಿಗುವ ಪೇಟೆ. ಸಮಸ್ಯೆಗಾದರೆ ಇದ್ಯಾವುದೂ ಬೇಡ. ಐದೂಮುಕ್ಕಾಲು ಲಕ್ಷ ಊರುಗಳಲ್ಲಿ ಯಾವ ಸಭೆಯೂ ಸೇರದೆ, ಯಾರ ಅಪ್ಪಣೆಯೂ ಇಲ್ಲದೆ ಅದು ತಾನೇ ಗುಣಿಸಿಕೊಂಡು ಹೋಗುತ್ತದೆ. ಅನ್ವಯಿಕ ಸಂಶೋಧನೆಯ ನಿಜವಾದ ಕಷ್ಟ ಪ್ರಯೋಗಾಲಯದಲ್ಲಿಲ್ಲ, ಈ ಎರಡು ಗುಣಾಕಾರಗಳ ನಡುವಿನ ಕಂದಕದಲ್ಲಿದೆ ಎಂಬುದು ನನ್ನ ಅನಿಸಿಕೆ. ಪುರ ಸೋತಿತು ಎನ್ನುವವರಿದ್ದಾರೆ. ಸರ್ಕಾರದ ಹಣದಲ್ಲಿ ಕಟ್ಟಿದ ಎಷ್ಟು ಯೋಜನೆಗಳು ಹಳ್ಳಿಯೊಂದರಲ್ಲಿ ಹತ್ತು ವರ್ಷ ನಡೆದಿವೆ, ಅದನ್ನೂ ಒಮ್ಮೆ ಎಣಿಸಲಿ.

ಸಂಖ್ಯೆಯನ್ನು ಬೆನ್ನಟ್ಟಿದವರ ಕಥೆಯೂ ನಮ್ಮ ಮುಂದಿದೆ. ಕೇಂದ್ರ ಸರ್ಕಾರ ಎಂಬತ್ತರ ದಶಕದಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿ, 2002ರಲ್ಲಿ ಮುಚ್ಚುವ ಹೊತ್ತಿಗೆ ಮೂರು ಕೋಟಿಗೂ ಹೆಚ್ಚು ಒಲೆ ಹಾಕಿಸಿದ ಲೆಕ್ಕ ತೋರಿಸಿತು. ಆದರೆ ಎಣಿಸಿದ್ದು ಹಾಕಿದ ಒಲೆಗಳನ್ನು, ಉರಿಯುತ್ತಿರುವ ಒಲೆಗಳನ್ನಲ್ಲ. ಗುತ್ತಿಗೆಯಲ್ಲಿ ಅವಸರಕ್ಕೆ ಕಟ್ಟಿದ ಒಲೆಯ ಬಾಯಿ ಎರಡು ಬೆರಳು ಹೆಚ್ಚಾದರೆ ಸಾಕು, ಶೇ. 30 ಮತ್ತೆ ಇಳಿಯುತ್ತದೆ.

ರೆಡ್ಡಿ ಅದೇ ತಕ್ಕಡಿಯನ್ನು ಆಮೇಲೆ ಇಡೀ ಕರ್ನಾಟಕಕ್ಕೆ ಹಿಡಿದರು. 1987ರಲ್ಲಿ ರಾಜ್ಯದ ಸಮಿತಿಯೊಂದು 2000ನೇ ಇಸವಿಗೆ ಬೇಕಾಗುವ ವಿದ್ಯುತ್ತಿನ ದೊಡ್ಡ ಅಂದಾಜು ಮುಂದಿಟ್ಟಿತ್ತು. ರೆಡ್ಡಿಯವರ ಗುಂಪು ಪ್ರಶ್ನೆಯನ್ನು ತಿರುಗಿಸಿತು: ಯಾವ ಮನೆಗೆ ಎಷ್ಟು ಬೆಳಕು ಬೇಕು, ಯಾವ ಪಂಪಿಗೆ ಎಷ್ಟು ನೀರು ಬೇಕು, ಅದನ್ನು ಒಳ್ಳೆಯ ಉಪಕರಣದಲ್ಲಿ ಕೊಟ್ಟರೆ ಎಷ್ಟು ವಿದ್ಯುತ್ ಸಾಕು? ಬಂದ ಉತ್ತರ ಸಮಿತಿಯ ಅಂದಾಜಿನ ಅರ್ಧಕ್ಕೂ ಕಡಿಮೆ, ಅದೂ ಎಲ್ಲ ಮನೆಗಳಿಗೆ ದೀಪ ಕೊಟ್ಟ ಮೇಲೆ. 2006ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ಪ್ರಶ್ನೆಯನ್ನು ಬಿಡಲಿಲ್ಲ.

ಕೊನೆಗೆ ಹೊಗೆಯಿಲ್ಲದ ಒಲೆ ಹಳ್ಳಿಗೆ ಬಂದದ್ದು ಸಿಲಿಂಡರಿನಲ್ಲಿ. 2016ರಲ್ಲಿ ಶುರುವಾದ ಉಜ್ವಲ ಯೋಜನೆ 2019ರ ಹೊತ್ತಿಗೆ 8 ಕೋಟಿ ಸಂಪರ್ಕ ಮುಟ್ಟಿತು, ಈಗ 10 ಕೋಟಿ ದಾಟಿದೆ. ಪುರದ ಹಳೆಯ ಅಂಕಿಯನ್ನು ಈ ಸಿಲಿಂಡರಿನ ಪಕ್ಕ ಇಟ್ಟರೆ ಇನ್ನೊಂದು ಬೆರಗು ಕಾದಿದೆ. ಅಂದು ಆರು ಜನಕ್ಕೆ ತುಸು ಹೆಚ್ಚಿದ್ದ ಒಂದು ಮನೆ ಅಡುಗೆಗೆ ಸುಡುತ್ತಿದ್ದ ಸೌದೆ ವರ್ಷಕ್ಕೆ ಸುಮಾರು 3.2 ಟನ್. ಅದರಲ್ಲಿ ಪಾತ್ರೆಗೆ ಮುಟ್ಟಿದ್ದು 6 ಲಕ್ಷ ಕಿಲೋಕ್ಯಾಲೊರಿ. ಒಂದು ಕಿಲೋ ಎಲ್‌ಪಿಜಿಯಲ್ಲಿ 10,800 ಕಿಲೋಕ್ಯಾಲೊರಿ, ಒಲೆಯ ದಕ್ಷತೆ ಶೇ. 60 ಎಂದು ಹಿಡಿದರೆ ಅದೇ ಅಡುಗೆಗೆ 93 ಕಿಲೋ ಗ್ಯಾಸ್ ಸಾಕು. 14.2 ಕಿಲೋದ ಆರೂವರೆ ಸಿಲಿಂಡರು. ನೂರಾ ಅರವತ್ತು ತಲೆಹೊರೆಗೆ ಬದಲು ಆರೂವರೆ ಸಿಲಿಂಡರು!

ಉಜ್ವಲದ ಮನೆಗಳು 2023-24ರಲ್ಲಿ ಸರಾಸರಿ ತುಂಬಿಸಿಕೊಂಡದ್ದು ವರ್ಷಕ್ಕೆ ಸುಮಾರು ನಾಲ್ಕು. ಸಂಸಾರಗಳೂ ಈಗ ಚಿಕ್ಕವಾಗಿವೆ, ನಾಲ್ಕೂವರೆ ಜನರ ಮನೆಗೆ ಇದೇ ಲೆಕ್ಕದಲ್ಲಿ ನಾಲ್ಕೂವರೆ ಸಿಲಿಂಡರು ಬೇಕು. ಕೊರತೆ ಅಷ್ಟೇನೂ ದೊಡ್ಡದಲ್ಲ ಎನ್ನಿಸಬಹುದು. ಆದರೆ ನಾಲ್ಕು ಎಂಬುದು ಸರಾಸರಿ. ಎಂಟು ತುಂಬಿಸುವ ಮನೆ ಒಂದಿದ್ದರೆ ಸೊನ್ನೆಯ ಮನೆಯೂ ಒಂದಿದ್ದೀತು. ಮತ್ತೆ ಈ ಲೆಕ್ಕವೆಲ್ಲ ಅಡುಗೆಯದು. ಬಚ್ಚಲಿನ ಹಂಡೆಗೆ ಯಾರೂ ಸಿಲಿಂಡರ್ ಜೋಡಿಸುವುದಿಲ್ಲ.